ಎರಡು ಕೂತರೂ ಒಂದೇ ಚುಕ್ಕೆ

"ಹೂವಿಲ್ಲದ ಕೊಂಬೆ ತಂದಿದೀಯಲ್ಲ, ಕಣ್ ಕಾಣಾಕಿಲ್ವೇನ್ಲಾ ನಿಂಗೆ?" ಎಂದು ನರಸಯ್ಯ ಮಂಜುನಾಥನ ಕೈಯಿಂದ ಎಕ್ಕದ ಕೊಂಬೆಯನ್ನು ಕಿತ್ತು ತಿಪ್ಪೆಯ ಕಡೆ ಎಸೆದದ್ದಕ್ಕೂ, ತುಳಸಿ ಆ ಬೀದಿಯ ತಿರುವಿಗೆ ಬಂದದ್ದಕ್ಕೂ ಸರಿಹೋಯಿತು. ಕೊಂಬೆ ಅವಳ ಕಾಲ ಹತ್ತಿರವೇ ಬಿತ್ತು. ಮುರಿದ ಜಾಗದಲ್ಲಿ ಹಾಲು ಒಸರುತ್ತಿತ್ತು. ಅವಳು ಅದನ್ನು ದಾಟಲೂ ಇಲ್ಲ, ಬಳಸಿಕೊಂಡು ಹೋಗಲೂ ಇಲ್ಲ, ಸುಮ್ಮನೆ ನಿಂತುಬಿಟ್ಟಳು.

"ಅಣ್ಣನ ಕಾಲೇಜಿನ ಮೇಡಮ್ನೋರು ಕಣ್ ಚಿಕ್ಕಪ್ಪ," ಎಂದ ಮಂಜುನಾಥ. ಸತ್ತ ದೇವರಾಜುವಿನ ಒಬ್ಬನೇ ತಮ್ಮ. ನರಸಯ್ಯ ಇವರಪ್ಪನ ತಮ್ಮ, ಮನೆಗೆ ಈಗ ಹಿರೀಕ. ಸಾವಿರಲಿ ಮದುವೆಯಿರಲಿ, ಸಂತೆಬಾಚಹಳ್ಳಿಯಲ್ಲಿ ಅವನಿಲ್ಲದೆ ಒಂದು ಗಳು ನೆಡುವಂತಿರಲಿಲ್ಲ.

"ಬನ್ನಿ ಬನ್ನಿ," ಎಂದು ನರಸಯ್ಯ ದನಿ ತಗ್ಗಿಸಿದ. "ಮುಖ ನೋಡ್ಕಳಿ. ನಾಗಮಂಗಲದಿಂದ ಪಾರ್ವತಿ ಬರ್ಬೇಕು, ಅವ್ಳು ಬಂದ್ಮೇಕೆ ಎತ್ತದು." ಪಾರ್ವತಮ್ಮ ಎಂದರೆ ದೇವರಾಜುವಿನ ಅಕ್ಕ.

"ಈ ಕೊಂಬೆ ಯಾಕೆ?" ಎಂದು ತುಳಸಿ ಕೇಳಿದಳು.

ಮಂಜುನಾಥ ತಲೆ ಕೆರೆದುಕೊಂಡ. "ಅಣ್ಣಂಗೆ ಮದ್ವೆ ಆಗಿರ್ನಿಲ್ವಲ್ಲ ಮೇಡಂ. ಒಂಟಿಯಾಗಿ ಮಣ್ಣಿಗಿಕ್ಬಾರ್ದಂತೆ. ಎಕ್ಕುಕ್ಕೆ ತಾಳಿ ಕಟ್ಸಿ ಆಮ್ಯಾಕೆ ಎತ್ತದು. ನಮ್ಮಲ್ಲಿ ಪದ್ಧತಿ."

ಪದ್ಧತಿಯೇನೋ ಹಳೆಯದೇ. ಗಂಡಸು ಮದುವೆಯಿಲ್ಲದೆ ಸತ್ತರೆ ಅವನ ಆಸೆ ಊರ ಬೇಲಿಯಲ್ಲೇ ಸುತ್ತುತ್ತದೆಂದು, ಹಿರೀಕರ ಸಾಲಿನಲ್ಲಿ ಅವನಿಗೆ ಜಾಗ ಸಿಗುವುದಿಲ್ಲವೆಂದು ನಂಬಿಕೆ. ಅದಕ್ಕೇ ಹೆಣದ ಕೈಯಿಂದ ಎಕ್ಕದ ಕೊಂಬೆಗೆ ಅರಿಶಿನದ ಕೊಂಬು ಕಟ್ಟಿಸಿ, ಮರುಗಳಿಗೆಯೇ ಬಿಚ್ಚಿ ಹೆಣದ ಮೇಲಿಟ್ಟುಬಿಡುತ್ತಾರೆ. ಗಂಡನಾದ ಹಾಗೂ ಆಯಿತು, ಹೆಂಡತಿ ಹೋದ ಹಾಗೂ ಆಯಿತು. ಗಿಡಕ್ಕೇನು, ಅತ್ತೆಮನೆಯ ಕಾಟವೂ ಇಲ್ಲ, ವಿಧವೆಯ ಪಾಡೂ ಇಲ್ಲ.

ತುಳಸಿಗೆ ಅಳು ಬರಲಿಲ್ಲ. ಬೆಳಗಿನಿಂದಲೂ ಬಂದಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ತಮ್ಮ ಪಕ್ಕದ ಮನೆಗೆ ಪ್ರಿನ್ಸಿಪಾಲರ ಫೋನು ಬಂದಾಗ "ಹೌದಾ, ಸರಿ" ಎಂದಿದ್ದಳು. ನಿನ್ನೆ ಪಾಠದ ನಡುವೆ ಎದೆ ಹಿಡಿದುಕೊಂಡ ಮನುಷ್ಯ ಮೈಸೂರಿನ ಆಸ್ಪತ್ರೆಯಲ್ಲಿ ಸಂಜೆಗೇ ಹೋಗಿಬಿಟ್ಟಿದ್ದ. ನಿನ್ನೆ ಅವಳು ರಜೆ ಹಾಕಿದ್ದಳು, ಅಪ್ಪನ ಕಣ್ಣು ತೋರಿಸುವುದಿತ್ತು. ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಕೆ.ಆರ್. ಪೇಟೆಗೆ ಒಂದು, ಆಮೇಲೆ ಇನ್ನೊಂದು. ಟಿಕೆಟ್ ಕೇಳಿದಳು, ಚಿಲ್ಲರೆ ಇಸಿದುಕೊಂಡಳು. ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಹೊಟ್ಟೆ ಹಸಿದು ಎರಡು ಬಾಳೆಹಣ್ಣು ತಿಂದಳು. ಸಾವಿನ ಮನೆಗೆ ಹೊರಟವಳಿಗೆ ಹಸಿವಾಗುತ್ತದಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಗಿತ್ತು.

ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ಕೆಳಗೆ ಮರದ ಹೊಟ್ಟು ಹರಡಿ, ಮಂಜುಗಡ್ಡೆ ಜೋಡಿಸಿ, ಅದರ ಮೇಲೆ ಚಾಪೆ ಹಾಸಿ ದೇವರಾಜುವನ್ನು ಮಲಗಿಸಿದ್ದರು. ಕರಗಿದ ನೀರು ಬಚ್ಚಲ ಕಡೆಗೆ ಹರಿದು ಹೋಗುತ್ತಿತ್ತು. ಅವನ ಎಡಗಿವಿಯ ಹತ್ತಿ ಅರ್ಧ ಆಚೆ ಬಂದಿತ್ತು. ಅದನ್ನು ಒಳಕ್ಕೆ ಒತ್ತಬೇಕು ಎಂದು ತುಳಸಿಯ ಬೆರಳು ತುಡಿಯಿತು. ಮುಟ್ಟಲು ತಾನು ಯಾರು? ಕಾಲೇಜಿನ ಮೇಡಂ. ಸೆರಗು ಹೊದ್ದು ಹೆಂಗಸರ ಸಾಲಿನ ಕೊನೆಯಲ್ಲಿ ಕೂತಳು.

ತಲೆಯ ಹತ್ತಿರ ತಾಯಿ ಮಾಯಮ್ಮ ಕೂತಿದ್ದಳು. ಅತ್ತು ಮುಗಿಸಿದ ಮುಖ. ತುಳಸಿಯನ್ನು ಒಂದು ಸಲ ನೋಡಿದಳು. ಬಾ ಎನ್ನಲಿಲ್ಲ, ಯಾಕೆ ಬಂದೆ ಎನ್ನಲಿಲ್ಲ.

"ಅಷ್ಟೊಂದ್ ಓದ್ಕೊಂಡಿದ್ದ, ಒಂದೆಣ್ಣು ಸಿಗ್ನಿಲ್ವಲ್ಲ," ಎಂದಳು ಪಕ್ಕದ ಮನೆಯ ಚಲುವಮ್ಮ, ಯಾರಿಗೆಂದಿಲ್ಲದೆ.

"ಇಲಿ ಕುಯ್ಯೋನ್ಗೆ ಯಾರವ್ವ ಎಣ್ ಕೊಡ್ತಾರೆ?" ಎಂದಳು ಇನ್ನೊಬ್ಬಳು.

"ಕೊಡೋರಿದ್ರು ಕಣೆ. ಇವ್ನೇ ಒಲ್ಲೆ ಅಂದ. ಗುಂಡಾ ಮದ್ವೆ ಆಗೋ ಅಂದ್ರೆ ನೀನೇ ನನ್ನೆಂಡ್ತಿ ಆಗು ಅಂದ್ನಂತೆ, ಅಂಗೆ ತಮಾಸೆ ಮಾಡ್ಕಂಡೇ ಕಾಲ ಕಳ್ದ."

ನಾಲ್ಕು ಜನ ಸಣ್ಣಗೆ ನಕ್ಕರು, ನಕ್ಕದ್ದಕ್ಕೆ ಕಣ್ಣೊರೆಸಿಕೊಂಡರು. ತುಳಸಿ ಹರಿಯುವ ನೀರನ್ನೇ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು. ಆ ಕೊಂಬೆ ಬರಬಾರದು. ತನ್ನ ಕಣ್ಣೆದುರಿಗೆ ಅವನ ಕೈಯನ್ನು ಎತ್ತಿ ಗಿಡಕ್ಕೆ ತಾಳಿ ಕಟ್ಟಿಸಬಾರದು. ಬೇಡ ಎನ್ನಬೇಕಾದರೆ ಯಾಕೆ ಎಂದೂ ಹೇಳಬೇಕು. ಹೇಳಿದರೆ ಇಲ್ಲಿಂದ ಹೊರಡುವ ಬಸ್ಸಿಗಿಂತ ಮೊದಲೇ ಸುದ್ದಿ ಶ್ರೀರಂಗಪಟ್ಟಣ ಮುಟ್ಟುತ್ತದೆ. ಅಲ್ಲಿ ಎಂಬತ್ತು ದಾಟಿದ ಅಪ್ಪ, ಅವಳು ಬಂದು ಮಡಿಯುಟ್ಟು ಬಡಿಸಲೆಂದು ಕಾಯುತ್ತಿರುತ್ತಾರೆ.

*

ಮೈಸೂರಿನ ಮಾನಸಗಂಗೋತ್ರಿಯಲ್ಲೊಂದು ಕತ್ತಲ ಕೋಣೆ, ಭಾನುವಾರ. ವಾರವೆಲ್ಲ ಪಾಂಡವಪುರದ ಹುಡುಗರಿಗೆ ಕಪ್ಪೆಯ ಕರುಳು ಜಿರಳೆಯ ಮೀಸೆ ಕಲಿಸಿ, ಭಾನುವಾರ ಬಂತೆಂದರೆ ತುಳಸಿಯೂ ದೇವರಾಜುವೂ ಪಿಎಚ್.ಡಿ. ಎಂಬ ಮಾಯಾಜಿಂಕೆಯ ಬೆನ್ನು ಹತ್ತಿ ಬಸ್ಸು ಹಿಡಿಯುತ್ತಿದ್ದರು. ಇಲಿಯ ಗುಲ್ಮದಿಂದ ಬಿಳಿ ರಕ್ತಕಣ ತೆಗೆದು, ಅದರ ಮೈಮೇಲಿನ ಗ್ರಾಹಕಗಳಿಗೆ ಹಸಿರಾಗಿ ಹೊಳೆಯುವ ಬಣ್ಣ ಅಂಟಿಸಿ, ಅವು ಎಲ್ಲಿ ಹೋಗುತ್ತವೆ, ಏನು ಮಾಡುತ್ತವೆ ಎಂದು ಕಣ್ಣು ಕೀಲಿಸಿ ನೋಡುವುದು ಕೆಲಸ. ಗ್ರಾಹಕವೆಂದರೆ ಅಂಗಡಿಗೆ ಬರುವ ಗಿರಾಕಿಯಲ್ಲ. ಜೀವಕೋಶದ ಪೊರೆಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ನಿಂತು, ಹೊರಗಿನ ಸುದ್ದಿಯನ್ನು ಒಳಗೆ ಮುಟ್ಟಿಸುವ ಸಣ್ಣ ಕಣ.

ಅರ್ಚಕರ ಮನೆಯ ಹುಡುಗಿ ಇಲಿ ಕುಯ್ಯುವುದೆಂದರೆ ಸಾಮಾನ್ಯವೇ! ಪ್ರತಿ ಭಾನುವಾರ ಸಂಜೆ ಅವಳು ಕಾವೇರಿಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ಮನೆಗೆ ಹೋಗಬೇಕಾಗಿತ್ತು. ದೇವರಾಜು ರೇಗಿಸುತ್ತಿದ್ದ. "ಮೇಡಂ, ಇಲಿ ಗಣಪತಿ ವಾಹನ. ಪುಣ್ಯ ಬತ್ತದೆ ಬುಡಿ."

"ಪೊರೆ ಅಂದ್ರೆ ಗೋಡೆ ಅಲ್ಲ," ಎಂದು ಹೊಸ ಹುಡುಗರಿಗೆ ಅವನೇ ಬಿಡಿಸಿ ಹೇಳುತ್ತಿದ್ದ. "ಸಾರಿಗೆ ಒಗ್ಗರಣೆ ಹಾಕಿದ್ರೆ ಮೇಲೆ ಎಣ್ಣೆ ತೇಲ್ತದಲ್ಲ, ಅಂಥದ್ದು. ಸಾಸಿವೆ ಕಾಳು ಅದರಲ್ಲಿ ಅತ್ತ ಇತ್ತ ಓಡಾಡ್ತವಲ್ಲ, ಅವೇ ಗ್ರಾಹಕ." ಐಸಿನಲ್ಲಿಟ್ಟ ಕೋಶದಲ್ಲಿ ಹಸಿರು ಸುತ್ತಲೂ ಉಂಗುರದಂತೆ ಹರಡಿಕೊಂಡೇ ಇರುತ್ತಿತ್ತು. ಸ್ವಲ್ಪ ಬೆಚ್ಚಗೆ ಮಾಡಿ, ಎರಡು ಕೈಯಿರುವ ಪ್ರತಿಕಾಯ ಬಿಟ್ಟರೆ ಸಾಕು, ಅದು ಒಂದೊಂದು ಕೈಯಲ್ಲಿ ಒಂದೊಂದು ಗ್ರಾಹಕವನ್ನು ಹಿಡಿದು ಎಳೆಯುತ್ತಿತ್ತು. ಅಲ್ಲೊಂದು ಇಲ್ಲೊಂದು ಗುಂಪು ಕಟ್ಟಿ, ಕೊನೆಗೆ ಎಲ್ಲವೂ ಒಂದೇ ತುದಿಗೆ ಬಂದು ಟೊಪ್ಪಿ ಹಾಕಿದ ಹಾಗೆ ಕೂರುತ್ತಿದ್ದವು. ಅದೇ ಪ್ರತಿಕಾಯವನ್ನು ಕತ್ತರಿಸಿ ಒಂಟಿ ಕೈಯ ತುಂಡನ್ನು ಬಿಟ್ಟರೆ ಏನೂ ನಡೆಯುತ್ತಿರಲಿಲ್ಲ. ಅದು ಹೋಗಿ ಅಂಟುತ್ತಿತ್ತು, ಗ್ರಾಹಕಗಳು ಇದ್ದಲ್ಲೇ ಇರುತ್ತಿದ್ದವು. ಎಷ್ಟೋ ಗ್ರಾಹಕಗಳ ಹಣೆಬರಹವೇ ಹೀಗೆ. ಒಂಟಿಯಾಗಿದ್ದರೆ ಬಾಯಿಲ್ಲ. ಎರಡು ಪಕ್ಕಪಕ್ಕ ಬಂದು ತಾಗಿ ನಿಂತರೇನೇ ಒಳಗೆ ಸುದ್ದಿ.

ಇಷ್ಟರವರೆಗೆ ಇಬ್ಬರಿಗೂ ಒಪ್ಪಿಗೆ. ಜಗಳ ಇದ್ದದ್ದು ಇದರಾಚೆ.

"ಹೊರಗಿನಿಂದ ಒಂದು ಬಂದು ಕಟ್ಟೋವರೆಗೂ ಅವು ಬೇರೆ ಬೇರೆನೇ," ಎನ್ನುತ್ತಿದ್ದಳು ತುಳಸಿ. "ಅದಕ್ಕೆ ಮುಂಚೆ ಜೋಡಿ ಅನ್ನೋದು ಇಲ್ಲ."

"ಮೊದಲೇ ಜೊತೇಲಿ ಇರಬೋದಲ್ಲ ಮೇಡಂ? ಹೊರಗಿಂದ ಬಂದದ್ದು ಬರೀ ಎಬ್ಬಿಸಿದ್ದಿರಬೋದು."

"ಇದ್ದರೆ ಕಾಣಬೇಕಿತ್ತು."

"ಹೆಂಗೆ ಕಾಣ್ತದೆ? ಎರಡು ಅಷ್ಟು ಹತ್ರ ಕೂತರೆ ನಮ್ಮ ಈ ಮೈಕ್ರೋಸ್ಕೋಪಿಗೆ ಒಂದೇ ಚುಕ್ಕೆ. ಎರಡು ಅಂತ ಗೊತ್ತಾಗೋದೇ ಇಲ್ಲ."

"ಪುರಾವೆ ಕೊಡಿ, ಒಪ್ಪಿಕೊಳ್ತೀನಿ."

"ಪುರಾವೆ ಇಲ್ಲ. ಇಲ್ಲ ಅನ್ನೋದಕ್ಕೂ ಇಲ್ವಲ್ಲ!" ಎಂದು ಅವನು ನಗುತ್ತಿದ್ದ.

ಇದೇ ವಾದ ಪಾಂಡವಪುರದ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ನಡೆಯಿತು. ಕೇಳಿದವರು ಇವರಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡರು. ತುಳಸಿ ಸೋಲಲಿಲ್ಲ, ಅವನು ಬಿಡಲಿಲ್ಲ. ಹದಿನೆಂಟು ವರ್ಷದಲ್ಲಿ ಇಬ್ಬರೂ "ನೀವು" ಬಿಟ್ಟು "ನೀನು" ಎಂದದ್ದೇ ಇಲ್ಲ.

*

ಚಪ್ಪರದ ಕೆಳಗೆ ಯಾರೋ ಹೂವಿನ ಹಾರ ತಂದು ಹಾಕಿದರು. ಕಾಲೇಜಿನಿಂದ ನಾಲ್ಕು ಜನ ಬಂದು, ಕೈಮುಗಿದು, ಮೂರೂವರೆಯ ಬಸ್ಸಿಗೆ ಹೊತ್ತಾಯಿತೆಂದು ಹೊರಟರು. "ಬರ್ತೀರಾ ಮೇಡಂ?" ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು.

"ನೀರ್ ಕುಡಿತೀರಾ?" ಎಂದು ಚಲುವಮ್ಮ ಕೇಳಿದಳು. ಆಮೇಲೆ ತಾನೇ ನಾಲಿಗೆ ಕಚ್ಚಿಕೊಂಡಳು. "ಐನೋರು ನೀವು. ನಮ್ಮನೆ ನೀರು..."

"ಕೊಡಿ," ಎಂದಳು ತುಳಸಿ. ಕುಡಿದಳು. ತಣ್ಣಗಿತ್ತೋ ಬಿಸಿಯಿತ್ತೋ ಗೊತ್ತಾಗಲಿಲ್ಲ.

*

ದೇವರಾಜುವನ್ನು ಮದುವೆಯಾಗುತ್ತೇನೆಂದು ತುಳಸಿ ಹೇಳಿದ ದಿನ ಅಪ್ಪ ಶ್ರೀನಿವಾಸಮೂರ್ತಿಗಳು ಬೈಯಲಿಲ್ಲ. ಬೈದಿದ್ದರೆ ಎದುರಾಡಬಹುದಿತ್ತು. ತಟ್ಟೆಯ ಮುಂದಿನಿಂದ ಎದ್ದು, ಕೈ ತೊಳೆದು, "ನಾನು ಹೋದ ಮೇಲೆ ಏನು ಬೇಕಾದರೂ ಮಾಡ್ಕೊಳಮ್ಮ" ಎಂದರು ಅಷ್ಟೇ. ಮಾತು ಬಿಸಿ ತುಪ್ಪವಾಗಿ ಗಂಟಲಲ್ಲಿ ನಿಂತಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮಾಯಮ್ಮ ಬೇರೆ ಥರ. ಪಾಂಡವಪುರದ ಸಂತೆಯ ದಿನ ನೇರವಾಗಿ ಕಾಲೇಜಿಗೇ ಬಂದು, ಬೇವಿನ ಮರದ ಕೆಳಗೆ ಅವಳನ್ನು ಕರೆಸಿಕೊಂಡಳು. "ನೀವು ದೇವ್ರ ಪೂಜೆ ಮಾಡೋ ಮನೆಯೋರು. ನಮ್ದು ಕೋಳಿ ಕುಯ್ಯೋ ಮನೆ. ನಿಮ್ ಪಾದ ನಮ್ ಹೊಸ್ಲು ದಾಟುದ್ರೆ ಆ ಪಾಪ ನಮ್ ಮಕ್ಳು ಮರಿಗೆ ಸುತ್ಕತದೆ ಕಣವ್ವ. ನಿನ್ ಕಾಲ್ಗೆ ಬೀಳ್ತೀನಿ, ನನ್ ಮಗನ್ನ ಬುಟ್ಬುಡು." ಹೇಳಿದವಳು ನಿಜಕ್ಕೂ ಬಗ್ಗಿದಳು. ತುಳಸಿ ಹಿಂದಕ್ಕೆ ಸರಿದಳು. ನೋಡಿದ ಹುಡುಗರು ಯಾರೋ ಫೀಸು ಮಾಫಿಗೆ ಬಂದಿದ್ದಾರೆ ಎಂದುಕೊಂಡರು.

ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಆದರೆ ಅವರೆಕಾಯಿಯ ಕಾಲದಲ್ಲಿ ದೇವರಾಜು ಒಂದು ಚೀಲ ತಂದು ಮೇಜಿನ ಮೇಲಿಟ್ಟ. "ಅವ್ವ ಕಳಿಸ್ತು." ಯಾರಿಗೆ ಎಂದು ಅವಳು ಹೇಳಿರಲಿಲ್ಲವಂತೆ. ತುಳಸಿ ಅದೇ ಚೀಲದಲ್ಲಿ ಪುಳಿಯೋಗರೆ ಗೊಜ್ಜಿನ ಡಬ್ಬಿ ಇಟ್ಟು ಹಿಂದಕ್ಕೆ ಕಳಿಸಿದಳು. ಮರುವರ್ಷ ಮತ್ತೆ ಅವರೆ. ಚೀಲ ಹೋಗುತ್ತಿತ್ತು, ಬರುತ್ತಿತ್ತು. ಒಂದು ಮಾತಿಲ್ಲ, ಒಂದು ಚೀಟಿಯಿಲ್ಲ.

ದೇವರಾಜುವೂ ತುಳಸಿಯೂ ಕಾದರು. ಹೇಳಲು ಕೆಟ್ಟದಾಗಿ ಕೇಳಿಸುತ್ತದೆ, ಆದರೆ ನಿಜ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಾರೆ, ಆಮೇಲೆ ನಮ್ಮ ಸರದಿ ಎಂದು ಇಬ್ಬರೂ ಒಳಗೊಳಗೇ ಲೆಕ್ಕ ಹಾಕಿದ್ದರು. ಹಿರಿಯರು ಗಟ್ಟಿಯಾಗೇ ಇದ್ದರು. ಇವನು ಹೋದ. ಕೋಪ ಬರಬೇಕಿತ್ತು, ಅದೂ ಬರಲಿಲ್ಲ.

*

ನಾಗಮಂಗಲದ ಬಸ್ಸು ಬಂತು. ಪಾರ್ವತಮ್ಮ ಬೀದಿಯ ತುದಿಯಿಂದಲೇ "ಅಯ್ಯೋ ನನ್ ತಮ್ಮ, ನನ್ ದೊರೆಯೇ" ಎಂದು ಎದೆ ಬಡಿದುಕೊಳ್ಳುತ್ತ ಓಡಿ ಬಂದು ಮೇಲೆ ಬಿದ್ದಳು. ಹೆಂಗಸರ ದನಿಯೆಲ್ಲ ಒಂದಾಗಿ ಏರಿತು. ತುಳಸಿಯ ಪಕ್ಕದವಳು ಅವಳ ಭುಜಕ್ಕೆ ತಲೆಯಿಟ್ಟು ಅತ್ತಳು. ತುಳಸಿ ಗೊತ್ತಿಲ್ಲದ ಆ ಹೆಂಗಸಿನ ಬೆನ್ನು ಸವರಿದಳು.

ಅಷ್ಟರಲ್ಲಿ ಮಂಜುನಾಥ ಕಾಲುವೆ ಏರಿಯಿಂದ ಇನ್ನೊಂದು ಕೊಂಬೆ ತಂದ. ಈ ಸಲ ಹೂವಿತ್ತು, ಬಿಳಿ ಎಕ್ಕ. ನರಸಯ್ಯ ಒಪ್ಪಿದ. "ಎಲ್ಲಿ, ಅರ್ಸಿಣದ ದಾರ ಕೊಡಿ. ಹೊತ್ತು ಬಾಗ್ತಾ ಐತೆ." ಕೊಂಬೆಯನ್ನು ಹೆಣದ ಪಕ್ಕ ನಿಲ್ಲಿಸಿದರು. ಪಾರ್ವತಮ್ಮ ತಮ್ಮನ ಬಲಗೈಯನ್ನು ಎತ್ತಲು ನೋಡಿದಳು, ಅದು ಮರಗಟ್ಟಿತ್ತು. ದಾರವನ್ನು ಬೆರಳ ಸಂದಿಗೆ ಸಿಕ್ಕಿಸಬೇಕಾಯಿತು.

ತುಳಸಿ ಎದ್ದು ನಿಂತಳು. ಎದ್ದದ್ದು ಅವಳಿಗೆ ಗೊತ್ತಾಗಲಿಲ್ಲ.

"ಎಕ್ಕ ಬ್ಯಾಡ," ಎಂದಳು ಮಾಯಮ್ಮ.

ಬೆಳಗಿನಿಂದ ಅವಳಾಡಿದ ಮೊದಲ ಮಾತು. ಎಲ್ಲರೂ ತಿರುಗಿದರು.

"ಬ್ಯಾಡ ಅಂದ್ರೆ? ಒಂಟಿಯಾಗಿ ಕಳಿಸ್ತೀಯಾ ಅತ್ಗೆ?" ಎಂದ ನರಸಯ್ಯ.

"ಒಂಟಿ ಯಾಕ್ಲಾ? ತುಳಸಮ್ಮ ಇಲ್ವಾ?"

ನರಸಯ್ಯ ಅಂಗಳದ ತುಳಸಿಕಟ್ಟೆಯ ಕಡೆ ನೋಡಿದ. ಊರವರೆಲ್ಲ ಅತ್ತಲೇ ನೋಡಿದರು. ಆ ಸೀಮೆಯಲ್ಲಿ ಯಾವ ಹೆಂಗಸೂ ಆ ಗಿಡವನ್ನು ಬರೀ ತುಳಸಿ ಎನ್ನುವುದಿಲ್ಲ, ತುಳಸಮ್ಮ ಎಂದೇ ಕರೆಯುವುದು. "ದೇವ್ರಿಗೆ ಕೊಟ್ಟಿರೋ ಹೆಣ್ಣು ಕಣತ್ಗೆ ತುಳಸಮ್ಮ! ಕಿಷ್ಣ ಪರಮಾತ್ಮನ ಎಂಡ್ತಿ. ಅವ್ಳನ್ನ ತಂದು ನಮ್ ಹೆಣಕ್ಕೆ ಕಟ್ಟಾಕಾದದಾ? ದುಃಖದಲ್ಲಿ ಏನೇನೋ ಆಡ್ಬ್ಯಾಡ."

"ಎಲ್ಲೂ ಕೇಳಿಲ್ಲ ಇದ," ಎಂದ ಇನ್ನೊಬ್ಬ ಮುದುಕ. "ಆದ್ರೆ ಹೆತ್ತೋಳು ಕೇಳ್ತಾವ್ಳೆ. ಒಂದ್ ಕಡ್ಡಿ ಮುರ್ಕಂಡ್ ಬಾರ್ಲಾ ಮಂಜ, ಏನಾದದು?"

ಮಂಜುನಾಥ ಚಪ್ಪಲಿ ಬಿಟ್ಟು, ಕಟ್ಟೆಗೆ ಕೈಮುಗಿದು, ಗಿಡಕ್ಕೆ ಕೈ ಹಾಕಿದ.

ಮಾಯಮ್ಮ ಅವನನ್ನು ತಡೆಯಲಿಲ್ಲ. ಹಾಗಲ್ಲ ಎಂದು ತಿದ್ದಲಿಲ್ಲ. ತುಳಸಿಯನ್ನೇ ನೋಡುತ್ತ ಕೂತಳು. ತಾನು ಹೇಳುವುದನ್ನು ಹೇಳಿ ಆಗಿದೆ, ಉಳಿದದ್ದು ನಿನ್ನದು ಎಂಬಂತೆ. ತುಳಸಿಗೆ ಅರ್ಥವಾಯಿತು. ಈಗ ಬಾಯಿ ಮುಚ್ಚಿಕೊಂಡರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಒಂದು ಕಡ್ಡಿ ಮುರಿಯುತ್ತಾರೆ, ಕಟ್ಟುತ್ತಾರೆ, ಬಿಚ್ಚುತ್ತಾರೆ. ತಾನು ಆರರ ಬಸ್ಸಿಗೆ ಮನೆಗೆ ಹೋಗಿ ಅಪ್ಪನಿಗೆ ಬಡಿಸಬಹುದು. ನಾಳೆ ಸ್ಟಾಫ್ ರೂಮಿನಲ್ಲಿ ಸಂತಾಪ ಸೂಚನೆಗೆ ಎಲ್ಲರ ಜೊತೆ ಎದ್ದು ನಿಲ್ಲಬಹುದು, ಎಲ್ಲರ ಜೊತೆ ಕೂರಬಹುದು.

"ಕೀಳಬೇಡಿ ಮಂಜುನಾಥ," ಎಂದಳು. ದನಿ ಪಾಠ ಮಾಡುವಾಗಿನ ದನಿಯೇ ಆಗಿತ್ತು. "ಅದಲ್ಲ ಅವರು ಹೇಳಿದ್ದು. ನನ್ನ ಹೆಸರೂ ತುಳಸಿ."

ಮಂಜುನಾಥನ ಕೈ ಗಿಡದ ಮೇಲೇ ನಿಂತಿತು.

ನರಸಯ್ಯ ಅವಳ ಕಡೆ ಎರಡು ಹೆಜ್ಜೆ ಬಂದ. "ಯಾವಾಗವ್ವ ಆಗಿದ್ದು ಮದ್ವೆ? ಎಲ್ಲಿ? ಯಾರ್ ಕಟ್ಸುದ್ರು?"

ಯಾರೂ ಕಟ್ಟಿಸಿರಲಿಲ್ಲ. ಕಟ್ಟುವವರೆಗೂ ಬೇರೆ ಬೇರೆಯೇ ಎಂದು ಹದಿನೆಂಟು ವರ್ಷ ವಾದ ಮಾಡಿದವಳು ತಾನೇ. ಅವಳು ಮಂಜುಗಡ್ಡೆಯ ಮೇಲೆ ಮಲಗಿದ್ದವನ ಮುಖವನ್ನು ನೋಡಿ ಹೇಳಿದಳು.

"ಮೊದಲೇ ಆಗಿತ್ತು. ನಿಮಗ್ಯಾರಿಗೂ ಕಾಣಲಿಲ್ಲ. ನನಗೂ ಕಾಣಲಿಲ್ಲ."

"ಐನೋರ ಹೆಣ್ಣು," ಎಂದ ನರಸಯ್ಯ ಮಾಯಮ್ಮನ ಕಡೆ ತಿರುಗಿ. "ನಾಳೆ ಅವರ ಕಡೆಯೋರು ಬಂದು ಬಾಗ್ಲಲ್ಲಿ ನಿಂತ್ರೆ?"

"ಬರ್ಲಿ ಬುಡು. ನಾನಿಲ್ವಾ," ಎಂದಳು ಮಾಯಮ್ಮ. ಆಮೇಲೆ ಪಕ್ಕಕ್ಕೆ ಸರಿದು, ಮಗನ ತಲೆಯ ಹತ್ತಿರ ಜಾಗ ಬಿಟ್ಟಳು. "ಬಾ. ಇಲ್ಲಿ ಕೂತ್ಕೊ."

ತುಳಸಿ ಹೋಗಿ ಕೂತಳು. ಮೊದಲು ಅವನ ಕಿವಿಯ ಹತ್ತಿಯನ್ನು ಸರಿಮಾಡಿದಳು. ಪಾರ್ವತಮ್ಮ ಅಳುತ್ತಲೇ ತಮ್ಮನ ಬೆರಳಲ್ಲಿದ್ದ ದಾರವನ್ನು ಇವಳ ಕತ್ತಿಗೆ ತಂದು ಗಂಟು ಹಾಕಿದಳು. ಎಕ್ಕದ ಕೊಂಬೆಯನ್ನು ಯಾರೋ ಬೇಲಿಯಾಚೆ ಹಾಕಿದರು.

ಕಟ್ಟಿದ್ದು ಮುಗಿಯಿತು, ಇನ್ನು ಬಿಚ್ಚುವುದು. ಚಲುವಮ್ಮ ಪದ್ಧತಿಯ ಹಾಗೆ ತುಳಸಿಯ ಕೈ ಹಿಡಿದು ನೋಡಿ ಕಕ್ಕಾಬಿಕ್ಕಿಯಾದಳು. ಎಡಗೈಯಲ್ಲೊಂದು ಗಡಿಯಾರ, ಬಲಗೈ ಬರಿದು. "ಒಡಿಯಾಕೆ ಬಳೇನೇ ಇಲ್ವಲ್ಲ ತಾಯಿ!"

ಪಾರ್ವತಮ್ಮ ತನ್ನ ಕೈಯಿಂದ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಕಳಚಿ ತುಳಸಿಯ ಕೈಗೆ ಏರಿಸಿದಳು. ಗೆಣ್ಣಿನ ಹತ್ತಿರ ಬಿಗಿಯಾಯಿತು. ಒತ್ತಿ ಒತ್ತಿ ಏರಿಸಿದಳು. ಚಲುವಮ್ಮ ಗುಂಡುಕಲ್ಲು ತಂದಳು. ತುಳಸಿ ಎರಡೂ ಕೈ ಮುಂದಕ್ಕೆ ಚಾಚಿದಳು. ಹೆದರಿಕೆಯಿರಲಿಲ್ಲ. ಆಗಲಿ, ಇದೂ ಆಗಲಿ ಎನ್ನಿಸಿತು.

ಬಳೆಗಳ ಮೇಲೆ ಮಾಯಮ್ಮನ ಕೈ ಬಂದು ಕೂತಿತು. ರಾಗಿಕಲ್ಲು ತಿರುಗಿಸಿ ತಿರುಗಿಸಿ ಜಡ್ಡುಗಟ್ಟಿದ ಅಂಗೈ.

"ಇರ್ಲಿ," ಎಂದಳು. "ಈಗ ತಾನೆ ತೊಟ್ಟವ್ಳೆ."

"ಅತ್ಗೇ, ಗಂಡ ಸತ್ತೋಳು ಬಳೆ ಇಕ್ಕಂಡು..." ಎಂದ ನರಸಯ್ಯ.

"ನನ್ ಕೈಯಲ್ಲೂ ಇವತ್ತಿಗೂ ಇರ್ಬೇಕಾಗಿತ್ತು, ನೀವೆಲ್ಲ ಸೇರ್ಕಂಡು ಒಡುದ್ರಿ. ನಾ ಸುಮ್ಕಿದ್ದೆ. ಇವ್ಳದ ಒಡಿಯಾಕೆ ಬುಡಾಕಿಲ್ಲ. ಕಲ್ ಮಡುಗೆ ಚಲುವಿ."

ಚಲುವಮ್ಮ ಕಲ್ಲನ್ನು ಕೆಳಗಿಟ್ಟಳು.

ಹೊತ್ತು ಮುಳುಗುವ ಮುಂಚೆ ಅವನ ಪಾಲಿನ ಹೊಲದಲ್ಲೇ ಗುಂಡಿಗೆ ಇಳಿಸಿದರು. ಕಬ್ಬಿನ ಗದ್ದೆಯ ಬದುವಿನ ಮೇಲೆ ಊರು ನಿಂತಿತ್ತು. ಮಂಜುನಾಥ ಮೂರು ಹಿಡಿ ಮಣ್ಣು ಹಾಕಿದ, ಪಾರ್ವತಮ್ಮ ಹಾಕಿದಳು, ಮಾಯಮ್ಮ ಹಾಕಿದಳು. ಆಮೇಲೆ ತುಳಸಿ ಬಗ್ಗಿದಳು. ಕೈಯೆತ್ತಿ ಮಣ್ಣು ಬಿಟ್ಟಾಗ ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಆಚೆ ತಲೆ ತಗ್ಗಿಸಿ ನಿಂತಿದ್ದ ಗಂಡಸರೆಲ್ಲ ಒಟ್ಟಿಗೆ ತಲೆಯೆತ್ತಿ ಅವಳನ್ನು ನೋಡಿದರು.

ಅವಳ ಕೈ ಅಲ್ಲೇ ನಿಂತಿತು.

"ಹಾಕವ್ವ," ಎಂದಳು ಮಾಯಮ್ಮ ಹಿಂದಿನಿಂದ. "ಇನ್ನೂ ಎರಡಿಡಿ ಅವೆ."

ತುಳಸಿ ಮತ್ತೆ ಬಗ್ಗಿ ಮಣ್ಣು ತೆಗೆದಳು. ಬಳೆಗಳು ಮತ್ತೆ ಸದ್ದು ಮಾಡಿದವು.